ಕ್ಯಾಮೆರಾ ಹತ್ತದ ಮೆಟ್ಟಿಲು

ಅಡಿಪಾಯಕ್ಕೆ ಗುದ್ದಲಿ ಬೀಳುವ ಮೊದಲೇ ಕಟ್ಟಡದೊಳಗೆ ಸುತ್ತಾಡಿ ಬರುವ ಕಾಲವಿದು. ಕಂಪ್ಯೂಟರಿನಲ್ಲಿ ತಯಾರಾಗುವ ಈ ಚಿತ್ರಕ್ಕೆ ವಾಕ್‌ಥ್ರೂ ಎನ್ನುತ್ತಾರೆ. ನಮ್ಮ ಮೊಹಲ್ಲಾದಲ್ಲಿ ಕಟ್ಟಲಿರುವ ಮಸೀದಿಯನ್ನು ನಾವು ಹೆಂಗಸರು ನೋಡಿದ್ದೂ ಹಾಗೆಯೇ, ಮನೆಯ ಹುಡುಗರ ಮೊಬೈಲಿನಲ್ಲಿ. ಗೇಟು, ವುಝೂ ಮಾಡುವ ಹೌಜು, ಕಂಬಗಳ ಸಾಲು, ಮಿಹ್ರಾಬ್, ಕೊನೆಗೆ ಮಿನಾರದ ತುದಿ. ಎರಡು ನಿಮಿಷ. ನಕ್ಷೆಯಲ್ಲಿ ಮಹಿಳೆಯರ ನಮಾಝಿಗೆಂದು ಬರೆದಿದ್ದ ಮಹಡಿ ಮಾತ್ರ ಬರಲೇ ಇಲ್ಲ.

ಆ ಕ್ಯಾಮೆರಾಕ್ಕೆ ಸ್ವಂತ ಕಾಲಿಲ್ಲ. ತಯಾರಿಸುವವರು ಅಲ್ಲಲ್ಲಿ ನಿಲುಗಡೆ ಗುರುತಿಸುತ್ತಾರೆ; ಅವಕ್ಕೆ ಕೀಫ್ರೇಮ್ ಎಂದು ಹೆಸರು. ನಡುವಿನ ದಾರಿಯನ್ನು ಕಂಪ್ಯೂಟರ್ ತುಂಬುತ್ತದೆ. ಸೆಕೆಂಡಿಗೆ 25 ಚಿತ್ರದಂತೆ ಎರಡು ನಿಮಿಷಕ್ಕೆ 3,000 ಚಿತ್ರ. ಅಷ್ಟರಲ್ಲಿ ಒಂದೂ ನಮ್ಮ ಪಾಲಿಗೆ ಬರಲಿಲ್ಲ. ಪ್ರವಾದಿಯವರ (ಸ) ಕಾಲದಲ್ಲಿ ಮದೀನಾದ ಮಸೀದಿಗೆ ಹೆಂಗಸರೂ ನಮಾಝಿಗೆ ಬರುತ್ತಿದ್ದರು.

ಕಣ್ಣಿನ ಎತ್ತರವನ್ನೂ ಮನುಷ್ಯರೇ ಹೇಳಬೇಕು. ಸ್ಕೆಚ್‌ಅಪ್‌ನಲ್ಲಿ ಕ್ಯಾಮೆರಾ ನಿಲ್ಲಿಸಿದರೆ ಅದು ತಾನಾಗಿ 5 ಅಡಿ 6 ಇಂಚು ಎತ್ತರದಿಂದ ನೋಡುತ್ತದೆ. ಒಂದು ಅಂಕಿ ಬದಲಿಸಿ, ಕುರ್ಚಿಯಲ್ಲಿ ಕೂತು ನಮಾಝ್ ಮಾಡುವ ಮುದುಕಿಯ ಕಣ್ಣಿಗೆ ಇಳಿಸಿದರೆ ಜಾಲರಿಯಾಚೆ ಇಮಾಮರು ಕಾಣುತ್ತಾರೋ ಇಲ್ಲವೋ ತಿಳಿಯುತ್ತದೆ. ಮಹಡಿ ಹತ್ತಿಸಿದರೆ ಮೆಟ್ಟಿಲು ಎಷ್ಟು ಕಡಿದು, ಹಿಡಿದುಕೊಳ್ಳಲು ಕಂಬಿ ಇದೆಯೇ, ವುಝೂಗೆ ನೀರಿನ ನಲ್ಲಿ ಎಲ್ಲಿ ಎಂಬುದೂ ತಿಳಿಯುತ್ತದೆ.

ಕ್ಯಾಮೆರಾ ಒಮ್ಮೆ ನಮ್ಮ ಮೆಟ್ಟಿಲನ್ನೂ ಹತ್ತಿ ಬರಲಿ ಎಂದು ಸಮಿತಿಯವರಿಗೆ ಬರೆದು ಕಳಿಸಿದ್ದೇವೆ. ಕಾಂಕ್ರೀಟು ಬಿದ್ದ ಮೇಲೆ ತಿದ್ದಬೇಕಾದರೆ ಒಡೆಯಬೇಕು. ಈಗಾದರೆ ಗೆರೆಯೊಂದನ್ನು ಸರಿಸಿದರೆ ಮುಗಿಯಿತು.