ಧರ್ಮದ ದಟ್ಟಿ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ ಎಂದು ನಮ್ಮಲ್ಲೊಂದು ಗಾದೆಯಿದೆ. ಕೊಟ್ಟವರ ಔದಾರ್ಯವನ್ನು ಸಂಶಯಿಸಿದ ಆ ಹೆಂಗಸನ್ನು ನೆನೆದು ನಾವೆಲ್ಲ ತಲೆತಲಾಂತರದಿಂದ ನಗುತ್ತ ಬಂದಿದ್ದೇವೆ. ನಾನೂ ನಕ್ಕವನೇ. ಆದರೆ ಎಪ್ಪತ್ತು ದಾಟಿದ ಮೇಲೆ ನನಗೊಂದು ಪಾಠವಾಯಿತು. ಈಗ ಆಕೆ ಎದುರಿಗೆ ಸಿಕ್ಕರೆ ಕೈಮುಗಿದು, "ತಾಯೀ, ನೀನು ಮಾಡಿದ್ದೇ ಸರಿ; ನಾನೂ ಅಳೆದು ನೋಡಬೇಕಾಗಿತ್ತು" ಎಂದು ಹೇಳಿಯೇನು.

ವಿಷಯ ಹೀಗೆ. ನಮ್ಮ ಅಪ್ಪಯ್ಯ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದರು. ಆ ಹಳ್ಳಿ ಈಗ ಇಲ್ಲ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಶಾಲೆ, ಗುಡಿ, ಅಡಕೆಯ ತೋಟ ಎಲ್ಲವೂ ಅದರಡಿಗೆ ಹೋದವು. ಜನ ದಿಕ್ಕಿಗೊಬ್ಬರಾಗಿ ಚದುರಿದರು. ಅಪ್ಪಯ್ಯ ಉಳಿಸಿಕೊಂಡು ಬಂದದ್ದು ಹನ್ನೊಂದು ದಿನಚರಿ ಪುಸ್ತಕಗಳನ್ನು ಮತ್ತು ೧೯೫೮ರಲ್ಲಿ ಶಾಲೆಯ ಮುಂದೆ ತೆಗೆಸಿದ ಒಂದು ಗುಂಪು ಫೋಟೋವನ್ನು. ಮೂವತ್ತೊಂದು ಮಕ್ಕಳು, ನಡುವೆ ಕುರ್ಚಿಯ ಮೇಲೆ ಅಪ್ಪಯ್ಯ. ಮುಂದಿನ ಸಾಲಿನಲ್ಲಿ ಎರಡು ಜಡೆ ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕುಳಿತವಳು ನನ್ನ ಅಕ್ಕ.

ನಿವೃತ್ತನಾದ ಮೇಲೆ ಕೈ ಸುಮ್ಮನಿರಲಿಲ್ಲ. ಒಂದು ಬ್ಲಾಗು ತೆರೆದು, ಭಾನುವಾರಕ್ಕೊಂದರಂತೆ ದಿನಚರಿಯ ಪುಟಗಳನ್ನು ಅದರಲ್ಲಿ ಹಾಕತೊಡಗಿದೆ. ಅಕ್ಕ ಸಾಗರದಲ್ಲಿದ್ದಾಳೆ, ಎಂಬತ್ತರ ಅಂಚು. ಕನ್ನಡಕವೇರಿಸಿಕೊಂಡು ಮೊಬೈಲಿನಲ್ಲಿ ಪ್ರತಿ ಪುಟವನ್ನೂ ಓದಿ, "ಆ ವರ್ಷ ಮಳೆ ಅಷ್ಟು ಬೇಗ ಬಂದಿರಲಿಲ್ಲ ಕಣೋ" ಎಂದು ಅಪ್ಪಯ್ಯನನ್ನೇ ತಿದ್ದುತ್ತಿದ್ದಳು. ಫೋಟೋ ಹಾಕಿದಾಗ ನಾಲ್ಕು ಭಾನುವಾರ ಫೋನಿನಲ್ಲೇ ಸಾಲುಸಾಲಾಗಿ ಮೂವತ್ತೊಂದು ಹೆಸರನ್ನೂ ಹೇಳಿದಳು. ನಾನು ಕೇಳುತ್ತ ಕೇಳುತ್ತ ನೇರವಾಗಿ ಕಂಪ್ಯೂಟರಿನಲ್ಲಿ ಬೆರಳಚ್ಚಿಸಿದೆ. ಕಾಗದ ಯಾಕೆ? ಇದು ಹೊಸ ಕಾಲವಲ್ಲವೆ?

ನನ್ನ ಬ್ಲಾಗು ನಿಂತಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ. ೨೦೦೩ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಎಂಬಿಬ್ಬರು ಹೊರತಂದ ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಇಂದು ಲೋಕದ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಇದನ್ನೇ ನಂಬಿಕೊಂಡಿವೆ. ೨೦೦೪ರಿಂದ ಇದಕ್ಕೆ ಪ್ಲಗಿನ್ ಎಂಬುವನ್ನು ಸೇರಿಸಿಕೊಳ್ಳುವ ಏರ್ಪಾಡು ಬಂತು. ಪ್ಲಗಿನ್ ಎಂದರೆ ಮನೆಗೆ ಇಟ್ಟುಕೊಳ್ಳುವ ಆಳು ಎಂದು ತಿಳಿಯಿರಿ. ಒಬ್ಬ ಬಾಗಿಲು ಕಾಯುತ್ತಾನೆ, ಒಬ್ಬ ಕಸ ಗುಡಿಸುತ್ತಾನೆ, ಒಬ್ಬ ಬಂದವರ ಲೆಕ್ಕ ಬರೆಯುತ್ತಾನೆ. ವರ್ಡ್‌ಪ್ರೆಸ್ಸಿನ ಭಂಡಾರದಲ್ಲಿ ಇಂಥವರು ಐವತ್ತು ಸಾವಿರಕ್ಕೂ ಮೇಲೆ ಇದ್ದಾರೆ, ಸಂಬಳ ಸೊನ್ನೆ.

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುತ್ತಾರೆ. ನನ್ನ ವಿಷಯದಲ್ಲಿ ಅದು ಅಕ್ಷರಶಃ ನಿಜವಾಯಿತು. ಬೇಕಾಗಿದ್ದದ್ದು ಅಪ್ಪನಿಗೇ ತಾನೆ? ಒಂದೊಂದೇ ಒತ್ತುತ್ತ ಹೋಗಿ ಆರು ತಿಂಗಳಲ್ಲಿ ಇಪ್ಪತ್ತಮೂರು ಪ್ಲಗಿನ್‌ಗಳನ್ನು ಸೇರಿಸಿದೆ. ಪುಟ ಬೇಗ ತೆರೆಯಲೆಂದು ಒಂದಲ್ಲ, ಎರಡು. ಅವೆರಡೂ ಸವತಿಯರಂತೆ ಕಿತ್ತಾಡಿ ಪುಟ ಮೊದಲಿಗಿಂತ ನಿಧಾನವಾಯಿತು. ಒಂದು ನನ್ನ ಬರಹಕ್ಕೆ ಅಂಕ ಹಾಕುತ್ತಿತ್ತು. ಜೀವಮಾನವೆಲ್ಲ ಮಕ್ಕಳಿಗೆ ಅಂಕ ಹಾಕಿದ ಅಪ್ಪಯ್ಯನ ದಿನಚರಿಗೆ ಕೆಂಪು ದೀಪ ತೋರಿಸಿತು. ಇನ್ನೊಂದು ಪುಟದ ಮೇಲೆ ಹಿಮ ಸುರಿಸುತ್ತಿತ್ತು. ಮಲೆನಾಡಿನ ಜಡಿಮಳೆಯ ವರ್ಣನೆಯ ಮೇಲೆ ಹಿಮ! ಆದರೂ ತೆಗೆಯಲು ಮನಸ್ಸು ಬರಲಿಲ್ಲ. ಫೋಟೋಗಳನ್ನು ಅಂದವಾಗಿ ಜೋಡಿಸಿ ಕೆಳಗೆ ಹೆಸರು ಬರೆಯುವುದಕ್ಕೂ ಒಂದಿತ್ತು. ಮೂವತ್ತೊಂದು ಹೆಸರುಗಳೂ ಅದರ ವಶದಲ್ಲಿದ್ದವು.

ಒಂದು ಭಾನುವಾರ ಬೆಳಿಗ್ಗೆ ಕಾಫಿಗೆ ಮೊದಲೇ ಅಕ್ಕನ ಫೋನು ಬಂತು.

"ತಮ್ಮಾ, ಅಪ್ಪಯ್ಯ ಕಾಣ್ತಾನೇ ಇಲ್ವಲ್ಲೋ. ಬರೀ ಬಿಳೀ ಇದೆ."

ಹೌದು, ಬರಿಯ ಬಿಳಿಯ ಹಾಳೆ. ಜಾಲತಾಣದಲ್ಲಿ ಗಂಭೀರವಾದ ದೋಷವಾಗಿದೆ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು. ಎದೆ ಧಸಕ್ಕೆಂದಿತು. ಅಕ್ಕನ ಮೊಮ್ಮಗ ಇದೇ ಬೆಂಗಳೂರಿನಲ್ಲಿ ಎಂಜಿನಿಯರು. ಅವನಿಗೆ ಫೋನು ಮಾಡಿದೆ. ಅವನು ಕುಳಿತಲ್ಲಿಂದಲೇ ನನ್ನ ತಾಣದ ಒಳಹೊಕ್ಕು, ಪ್ಲಗಿನ್‌ಗಳಿದ್ದ ಕಡತಕೋಶದ ಹೆಸರನ್ನು ಬದಲಾಯಿಸಿದ. ಹೆಸರು ಬದಲಾದೊಡನೆ ಇಪ್ಪತ್ತಮೂರೂ ನಿದ್ದೆ ಹೋದವು. ಅಪ್ಪಯ್ಯನ ಪುಟಗಳು ಮತ್ತೆ ಕಾಣಿಸಿಕೊಂಡವು. ಆಮೇಲೆ ಒಂದೊಂದನ್ನೇ ಎಬ್ಬಿಸುತ್ತ ಬಂದ. ಫೋಟೋ ಜೋಡಿಸುವುದನ್ನು ಎಬ್ಬಿಸಿದಾಗ ಪುಟ ಮತ್ತೆ ಬಿಳಿಚಿತು. ಅದನ್ನು ಮಾಡಿದವರು ಮೂರು ವರ್ಷದಿಂದ ಅದರ ಕಡೆ ತಿರುಗಿ ನೋಡಿರಲಿಲ್ಲ. ಅಡಿಯಲ್ಲಿದ್ದ ಪಿಎಚ್‌ಪಿ ಭಾಷೆಗೆ ಹೊಸ ಆವೃತ್ತಿ ಬಂದಾಗ ಅದು ಕುಸಿದಿತ್ತು.

"ಇಷ್ಟೊಂದು ಯಾಕೆ ಹಾಕ್ಕೊಂಡ್ರಿ ಅಜ್ಜಾ?" ಎಂದ.

"ಪುಕ್ಕಟೆ ಇತ್ತಪ್ಪ."

"ದುಡ್ಡು ಕೊಟ್ಟಿಲ್ಲ ಸರಿ. ಒಬ್ಬೊಬ್ಬರ ಕೈಗೂ ಮನೆ ಬೀಗದಕೈ ಕೊಟ್ಟಿದೀರಲ್ಲ! ಅದನ್ನ ಸುಮ್ನೆ ನಿಲ್ಸಿಡಿ, ಸಂಜೆ ಬಂದು ನೋಡ್ತೀನಿ."

ಸಂಜೆಯವರೆಗೆ ಕಾಯುವ ತಾಳ್ಮೆ ನನಗೆ ಬರಲಿಲ್ಲ. ಅಪ್ಪಯ್ಯನನ್ನು ಮರೆಮಾಡಿದ ಆ ದ್ರೋಹಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದೆ? 'ಅಳಿಸು' ಎಂಬುದನ್ನು ಒತ್ತಿದೆ. ಇದನ್ನೂ ಇದರ ಮಾಹಿತಿಯನ್ನೂ ನಿಜವಾಗಿ ಅಳಿಸಬೇಕೆ ಎಂದು ಅದು ಮರ್ಯಾದೆಯಿಂದಲೇ ಕೇಳಿತು. ಹೌದೆಂದು ಒತ್ತಿದೆ. ಹೋಗುವ ಆಳು ತನ್ನ ಗಂಟನ್ನು ಕಟ್ಟಿಕೊಂಡು ಹೋಗುತ್ತಾನೆ. ಆ ಗಂಟಿನಲ್ಲಿ ಮೂವತ್ತೊಂದು ಹೆಸರುಗಳಿದ್ದವು.

ಸಂಜೆ ಹುಡುಗ ಬಂದು ಬಹಳ ಹೊತ್ತು ಹುಡುಕಿದ. ಕೊನೆಗೆ, "ನಕಲು ಎಲ್ಲಾದ್ರೂ ಇಟ್ಟಿದೀರಾ ಅಜ್ಜಾ?" ಎಂದ. ಹಿಮ ಸುರಿಸುವುದಕ್ಕೆ ಆಳಿದ್ದ. ನಕಲು ಇಡುವುದಕ್ಕೆ ಇರಲಿಲ್ಲ. ತಾಣಕ್ಕೆ ಜಾಗವನ್ನು ನಾನು ಅತಿ ಅಗ್ಗದ ಬಾಡಿಗೆಗೆ ಹಿಡಿದಿದ್ದೆ. ಅದರಲ್ಲೂ ಆ ಸೌಲಭ್ಯವಿರಲಿಲ್ಲ.

ಅಕ್ಕನನ್ನು ಮತ್ತೆ ಕೇಳಿದರಾಯಿತು ಎಂದುಕೊಂಡೆ. ಹೆಸರು ಹೇಳಿಸಿಕೊಂಡು ಎರಡು ವರ್ಷವಾಗಿತ್ತು. ಆ ಎರಡು ವರ್ಷ ಅವಳಿಗೆ ಏನು ಮಾಡಿದೆ ಎಂಬುದು ಭಾನುವಾರದ ಫೋನಿನಲ್ಲಿ ನನಗೆ ತಿಳಿದಿರಲಿಲ್ಲ. ಸಾಗರಕ್ಕೆ ಹೋಗಿ ಫೋಟೋ ಮುಂದಿಟ್ಟೆ. ಮೊದಲ ಸಾಲು ಸರಾಗವಾಗಿ ಹೇಳಿದಳು. ಹಿಂದಿನ ಸಾಲಿಗೆ ಬಂದಾಗ ಬೆರಳು ಒಂದು ಮುಖದ ಮೇಲೆ ನಿಂತಿತು. "ಇವನು... ಇವನು ಚೆನ್ನಾಗಿ ಈಜ್ತಿದ್ದ" ಎಂದಳು. ಹೆಸರು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಮುಖ ನೋಡಿ, "ನಿಂಗೆ ಹೇಳಿದ್ನಲ್ಲೋ. ಬರ್ಕೊಂಡಿರ್ಲಿಲ್ವಾ?" ಎಂದಳು.

ಮೂವತ್ತೊಂದರಲ್ಲಿ ಹದಿನಾಲ್ಕು ಸಿಕ್ಕಿತು.

ತಿಂಗಳು ಕಳೆಯುವುದರೊಳಗೆ ಬ್ಲಾಗಿಗೆ ಶಿವಮೊಗ್ಗದ ಕಡೆಯವರೊಬ್ಬರಿಂದ ಒಂದು ಓಲೆ ಬಂತು. ಮುಳುಗಡೆಯಲ್ಲಿ ಎದ್ದುಬಂದ ಮನೆಯವರು. ಹಿಂದಿನ ಸಾಲಿನ ಎಡದಿಂದ ಮೂರನೆಯ ಹುಡುಗ ತಮ್ಮ ತಂದೆಯೇ ಇರಬಹುದೆ? ತಂದೆಯ ಬಾಲ್ಯದ ಚಿತ್ರ ಮನೆಯಲ್ಲಿ ಒಂದೂ ಇಲ್ಲ, ದಯವಿಟ್ಟು ತಿಳಿಸಬೇಕು. ಎಡದಿಂದ ಮೂರನೆಯವನು, ಅದೇ ಚೆನ್ನಾಗಿ ಈಜುತ್ತಿದ್ದವನು. ಉತ್ತರ ಎರಡು ವರ್ಷ ನನ್ನ ಮನೆಯಲ್ಲೇ ಇತ್ತು. ಏನೆಂದು ಬರೆಯಲಿ?

ಈಗ ನಾನು ಮೊಳ ಹಾಕದೆ ದಟ್ಟಿ ಉಡುವುದಿಲ್ಲ. ಅಳೆಯುವುದು ಕಷ್ಟವೂ ಅಲ್ಲ. ಭಂಡಾರದಲ್ಲಿ ಪ್ರತಿಯೊಂದು ಪ್ಲಗಿನ್ನಿನ ಜಾತಕವೂ ಬರೆದಿಟ್ಟಿರುತ್ತದೆ. ಕೊನೆಗೆ ಯಾವಾಗ ತಿದ್ದಿದರು, ಎಷ್ಟು ತಾಣಗಳಲ್ಲಿ ನಡೆಯುತ್ತಿದೆ, ವರ್ಡ್‌ಪ್ರೆಸ್ಸಿನ ಯಾವ ಆವೃತ್ತಿಯವರೆಗೆ ಪರೀಕ್ಷಿಸಿದ್ದಾರೆ, ಕೇಳಿದವರಿಗೆ ಉತ್ತರ ಕೊಡುತ್ತಾರೆಯೆ ಎಂಬುದೆಲ್ಲ ಅಲ್ಲಿದೆ. ಈಚಿನ ಮೂರು ಮುಖ್ಯ ಆವೃತ್ತಿಗಳಲ್ಲಿ ಪರೀಕ್ಷೆಯಾಗದಿದ್ದರೆ ತಲೆಯ ಮೇಲೆಯೇ ಎಚ್ಚರಿಕೆಯ ಪಟ್ಟಿ ಇರುತ್ತದೆ. ಹಿಂದೆಯೂ ಇತ್ತು, ನಾನು ಓದಿರಲಿಲ್ಲ.

ಇಪ್ಪತ್ತಮೂರರಲ್ಲಿ ಉಳಿದದ್ದು ನಾಲ್ಕು. ಪುಟ ಬೇಗ ತೆರೆಯಲು ಡಬ್ಲ್ಯುಪಿ ಸೂಪರ್ ಕ್ಯಾಷ್, ಒಂದೇ. ಪೋಲಿ ಟಿಪ್ಪಣಿಗಳನ್ನು ಜರಡಿ ಹಿಡಿಯಲು ಅಕಿಸ್ಮೆಟ್. ವ್ಯಾಪಾರವಿಲ್ಲದ ಸ್ವಂತ ಬ್ಲಾಗಿಗೆ ಅದು ಪುಕ್ಕಟೆ. ತಡೆದದ್ದನ್ನು ಹದಿನೈದು ದಿನ ಇಟ್ಟುಕೊಂಡು ಆಮೇಲೆ ಅಳಿಸುವುದರಿಂದ, ವಾರಕ್ಕೊಮ್ಮೆ ಆ ರಾಶಿಯನ್ನು ಕೆದಕುತ್ತೇನೆ. ಕಲ್ಲಿನ ಜೊತೆ ಅಕ್ಕಿ ಹೋಗಬಾರದಲ್ಲ. ಕಾವಲಿಗೆ ವರ್ಡ್‌ಫೆನ್ಸ್, ಹಣ ಕೊಟ್ಟವರಿಗಿಂತ ಮೂವತ್ತು ದಿನ ತಡವಾಗಿ ಹೊಸ ಕಟ್ಟುಪಾಡುಗಳು ನಮಗೆ ಬರುತ್ತವೆ, ಅದೂ ನ್ಯಾಯವೇ. ೨೦೧೮ರಲ್ಲಿ ಬರೆಯುವ ಮಣೆಯ ರೂಪ ಬದಲಾಯಿತು; ಹಳೆಯ ಬೆರಳುಗಳಿಗಾಗಿ ಕ್ಲಾಸಿಕ್ ಎಡಿಟರ್. ಗೂಗಲ್ ಮೊದಲಾದವು ಹುಡುಕಲು ಬೇಕಾದ ಪುಟಗಳ ನಕ್ಷೆಯನ್ನು ೨೦೨೦ರಿಂದ ವರ್ಡ್‌ಪ್ರೆಸ್ ತಾನೇ ಬರೆದುಕೊಳ್ಳುವುದರಿಂದ ಕೆಂಪು ದೀಪದವನನ್ನೂ ಕಳುಹಿಸಿದೆ.

ಹೊಸದಾಗಿ ಸೇರಿದ್ದು ಒಂದೇ: ಅಪ್‌ಡ್ರಾಫ್ಟ್‌ಪ್ಲಸ್. ವಾರಕ್ಕೊಮ್ಮೆ ಇಡೀ ತಾಣದ ನಕಲು ತೆಗೆದು ಗೂಗಲ್ ಡ್ರೈವಿನಲ್ಲಿ, ಎಂದರೆ ಮನೆಯಿಂದ ಹೊರಗೆ, ಇಡುತ್ತದೆ. ಯಾರಾದರೂ, "ಬ್ಲಾಗು ತೆರೆದಿದ್ದೇನೆ, ಮೊದಲು ಯಾವ ಪ್ಲಗಿನ್ ಹಾಕಲಿ?" ಎಂದು ಕೇಳಿದರೆ, ನಕಲು ಇಡುವುದನ್ನು ಎಂದು ಹೇಳುತ್ತೇನೆ. ಎರಡನೆಯದು ಯಾವುದು ಎಂದರೆ, ಮೊದಲನೆಯದನ್ನು ಹಾಕಿ ಬನ್ನಿ, ಮಾತಾಡೋಣ ಎನ್ನುತ್ತೇನೆ.

ಮೊನ್ನೆ ಗುರುವಾರ, ಭಾನುವಾರವಲ್ಲದ ದಿನ, ಅಕ್ಕನ ಫೋನು ಬಂತು. "ಬರ್ಕೋ ಬೇಗ, ಮರ್ತೋಗತ್ತೆ" ಎಂದು ಒಂದು ಹೆಸರು ಹೇಳಿದಳು. ಈಜುವವನದಲ್ಲ, ಅವನ ಪಕ್ಕದವನದು. ಫೋನನ್ನು ಕೆಳಗಿಡದೆ ಫೋಟೋವನ್ನು ಮಗುಚಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದೆ. ಆಮೇಲೆ ಬ್ಲಾಗಿಗೆ ಸೇರಿಸಿದೆ. ಆಮೇಲೆ ನಕಲು ತೆಗೆದೆ. ಒಟ್ಟು ಹದಿನೈದಾಯಿತು. ಶಿವಮೊಗ್ಗದವರಿಗೆ, ಇನ್ನೂ ಸ್ವಲ್ಪ ಕಾಯಬೇಕು ಎಂದು ಬರೆದಿದ್ದೇನೆ.