ಹಂಪಿಯ ತಕ್ಕಡಿ, ನಮ್ಮನೆಯ ನೀರಿನ ಕೊಡ

“ಹಂಪಿಗೆ ಹೋಗಿದ್ರಂತೆ, ಏನೇನು ನೋಡಿ ಬಂದ್ರಿ?” ಎಂದು ಪಕ್ಕದ ಮನೆಯವರು ಕೇಳಿದರು. ವಿರೂಪಾಕ್ಷನ ದರ್ಶನವಾಯಿತು, ಕಲ್ಲಿನ ರಥ ನೋಡಿದೆವು ಎಂದು ಹೇಳಿ ಮುಗಿಸಬಹುದಿತ್ತು. ನಾನು, “ಒಂದು ತಕ್ಕಡಿ, ನಾಲ್ಕು ಗಾಲಿ, ಒಂದು ಸಾಲು ಬೆಣೆಯ ಗುರುತು ನೋಡಿ ಬಂದೆ” ಎಂದೆ. ಅವರು ನನ್ನ ಮುಖ ನೋಡಿ ಸುಮ್ಮನಾದರು!

ಆದದ್ದಿಷ್ಟು. ನಮ್ಮ ಪುಟ್ಟಿ ಹರಪನಹಳ್ಳಿಯಲ್ಲಿ ಏಳನೇ ತರಗತಿ ಓದುತ್ತಾಳೆ. ಶಾಲೆಯ ಪ್ರವಾಸಕ್ಕೆ ಇಬ್ಬರು ತಾಯಂದಿರು ಜೊತೆಗೆ ಬರಬೇಕೆಂದಾಗ ನಾನು ಕೈ ಎತ್ತಿದೆ. ನಾನೂ ಏಳನೇ ತರಗತಿಗೇ ಶಾಲೆ ಬಿಟ್ಟವಳು. ಮಕ್ಕಳ ಜೊತೆ ಒಂದು ದಿನ ಮಕ್ಕಳಾಗಿರೋಣ ಅನ್ನುವ ಆಸೆ, ಅಷ್ಟೆ.

ಬಸ್ಸು ಹೊರಟೊಡನೆ ವಿಜ್ಞಾನದ ಮೇಡಂ ಎದ್ದು ನಿಂತರು. “ಸನ್ನೆ, ರಾಟೆ, ಗಾಲಿ-ಅಚ್ಚು, ಇಳಿಜಾರು, ಬೆಣೆ, ತಿರುಪು. ಈ ಆರು ಸರಳ ಯಂತ್ರಗಳನ್ನೂ ಸಂಜೆಯೊಳಗೆ ಹುಡುಕಬೇಕು. ಊರಿಗೆ ಹೋದಮೇಲೆ ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಕೆಲಸ ಕಷ್ಟ ಅಂತ ನೋಡಿ, ಅವರಿಗಾಗಿ ಒಂದು ಯಂತ್ರ ನೀವೇ ಮಾಡಬೇಕು. ಅಂಗಡಿಯಿಂದ ಏನೂ ತರುವಂತಿಲ್ಲ” ಎಂದರು.

ಹೊಸಪೇಟೆ ಹತ್ತಿರ ತುಂಗಭದ್ರಾ ಅಣೆಕಟ್ಟು ಕಂಡಿತು. ಅದಕ್ಕೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಿಮಗೂ ನೆನಪಿರಬಹುದು. ನಮ್ಮ ಕಡೆಯ ರೈತರಿಗೆ ಆ ವಾರವೆಲ್ಲ ನಿದ್ದೆಯಿಲ್ಲ. ರಭಸದ ನೀರಿನಲ್ಲೇ ಕ್ರೇನಿನಿಂದ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸಿದರು. “ಕ್ರೇನಿನ ತುದಿಯಲ್ಲಿ ಏನಿತ್ತು?” ಎಂದು ಮೇಡಂ ಕೇಳಿದರು. “ರಾಟೆ!” ಎಂದು ಹುಡುಗರು ಕೂಗಿದರು. ಒಂದು ಸಿಕ್ಕಿತು.

ಹೊಸಪೇಟೆಯಿಂದ ಹಂಪಿ ಸುಮಾರು 13 ಕಿಲೋಮೀಟರು. ಬಂಡೆಗಳ ನಡುವೆ ನಡೆಯುವಾಗ ಒಂದು ಕಲ್ಲಿನ ಅಂಚಿನಲ್ಲಿ ಗೆರೆ ಎಳೆದಂತೆ ಚಿಕ್ಕ ಚಿಕ್ಕ ಗುಳಿಗಳ ಸಾಲು ಕಂಡಿತು. ಹಿಂದಿನವರು ಹೀಗೆ ಸಾಲಾಗಿ ಗುಳಿ ಕೊರೆದು, ಬೆಣೆ ಬಡಿದು, ಆನೆಯಂಥ ಬಂಡೆಯನ್ನು ಸೀಳುತ್ತಿದ್ದರು. ಮೇಲಿನಿಂದ ಬಿದ್ದ ಪೆಟ್ಟನ್ನು ಬೆಣೆ ಪಕ್ಕಕ್ಕೆ ತಿರುಗಿಸಿ ಕಲ್ಲನ್ನು ಎರಡು ಕಡೆಗೂ ತಳ್ಳುತ್ತದೆ. ಸೌದೆ ಒಡೆಯುವ ಕೊಡಲಿಯೂ ಅದೇ, ನಮ್ಮ ಈಳಿಗೆಯ ಅಲಗೂ ಅದೇ.

ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನು ನೀವು ನೋಡದಿದ್ದರೂ ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಕಂಡಿರುತ್ತೀರಿ. ಅದರ ಗಾಲಿಗಳು ಒಂದು ಕಾಲಕ್ಕೆ ತಿರುಗುತ್ತಿದ್ದವಂತೆ. ಈಗ ತಿರುಗದಂತೆ ಭದ್ರ ಮಾಡಿದ್ದಾರೆ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಅರಸನ ತಕ್ಕಡಿ. ಎರಡು ಎತ್ತರದ ಕಲ್ಲುಕಂಬ, ಮೇಲೊಂದು ಕಲ್ಲಿನ ತೊಲೆ, ತೊಲೆಯ ಕೆಳಗೆ ಮೂರು ಕಲ್ಲಿನ ಬಳೆ. ಅದಕ್ಕೆ ತಕ್ಕಡಿ ತೂಗುಹಾಕಿ, ಅರಸರು ತಮ್ಮ ತೂಕದ ಬಂಗಾರ ತೂಗಿ ದಾನ ಕೊಡುತ್ತಿದ್ದರು ಎನ್ನುತ್ತಾರೆ.

“ಎರಡು ತೋಳೂ ಸಮ ಇದ್ದರೆ ತೂಕವೂ ಸಮ. ಆಧಾರವನ್ನು ಅರಸನ ಕಡೆಗೆ ಸರಿಸಿದರೆ?” ಎಂದು ಕೇಳಿದ ಮೇಡಂ, ನೀರಿನ ಬಾಟಲಿಯ ಮೇಲೆ ಸ್ಕೇಲು ಇಟ್ಟು ತೋರಿಸಿದರು. ಉದ್ದ ತೋಳಿನ ತುದಿಯಲ್ಲಿ ಮಗು ಕೂತರೂ ಗಿಡ್ಡ ತೋಳಿನ ಅರಸ ಮೇಲೇಳುತ್ತಾನೆ! ಮಕ್ಕಳು ಬಿದ್ದು ಬಿದ್ದು ನಕ್ಕರು. “ಆದರೆ ಮಗು ತುಂಬ ಕೆಳಗಿಳಿದರೆ ಅರಸ ಏಳುವುದು ಒಂದಿಷ್ಟೇ. ಯಂತ್ರ ಬಿಟ್ಟಿಯಾಗಿ ಏನೂ ಕೊಡಲ್ಲ. ಬಲ ಉಳಿಸಿದರೆ ದೂರ ಹೆಚ್ಚು ಕೇಳುತ್ತೆ” ಎಂದರು. ಮೆಟ್ಟಿಲಿಗಿಂತ ಇಳಿಜಾರು ಸುಲಭ ಏಕೆ ಎಂಬುದಕ್ಕೂ ಇದೇ ಉತ್ತರ. ಏರುವ ಎತ್ತರ ಒಂದೇ, ನಡೆಯುವ ದಾರಿ ಉದ್ದ.

ತಿರುಪು ಮಾತ್ರ ಎಲ್ಲೂ ಸಿಗಲಿಲ್ಲ. ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ನಾನು ಮಾಡಿದ ಚಕ್ಕಲಿ. ಚಕ್ಕಲಿ ಹಂಚುತ್ತ, “ಮೇಡಂ, ಹಿಡಿ ತಿರುಗಿಸಿ ಒತ್ತುವ ಚಕ್ಕಲಿ ಒರಳಿನಲ್ಲಿ ಇರೋದು ತಿರುಪೇ ಅಲ್ಲವಾ?” ಎಂದೆ. “ಸರಿಯಾಗಿ ಹೇಳಿದಿರಿ ಅಕ್ಕಾ! ಕಂಬಕ್ಕೆ ಸುತ್ತಿದ ಇಳಿಜಾರೇ ತಿರುಪು” ಎಂದು ಅವರು ಮಕ್ಕಳಿಂದ ಚಪ್ಪಾಳೆ ಹೊಡೆಸಿದರು. ನನಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

ದಾರಿಯುದ್ದಕ್ಕೂ ಅಡುಗೆಮನೆಯ ಪಟ್ಟಿ ಬೆಳೆಯಿತು. ಕತ್ತರಿ, ಅಡಕೊತ್ತು, ಇಕ್ಕಳ ಮೂರೂ ಸನ್ನೆಗಳೇ. ಇಕ್ಕಳದಿಂದಲೂ ಬಲ ಉಳಿಯುತ್ತದೆ ಎಂದು ನಾನು ಹೇಳಿದ್ದು ತಪ್ಪಾಯಿತು. ಇಕ್ಕಳಕ್ಕೆ ನಾವು ಹೆಚ್ಚೇ ಬಲ ಹಾಕುತ್ತೇವೆ, ಆದರೆ ಕೈ ಸುಡದೆ ಉಳಿಯುತ್ತದೆ.

ಇನ್ನು ಮನೆಯ ಮಾತು. ನಮ್ಮ ಅತ್ತೆಯವರಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಸ್ವಾಧೀನವಿಲ್ಲ. ಎಡಗೈಯಲ್ಲೂ ಕಸುವು ಕಡಿಮೆ. ಅವರಿಗೆ ಕಷ್ಟವಾದ ಕೆಲಸ ಯಾವುದೆಂದು ಪುಟ್ಟಿ ನಾಲ್ಕು ದಿನ ಪಕ್ಕದಲ್ಲೇ ಕೂತು ಬರೆದುಕೊಂಡಳು. ಐದನೇ ದಿನ ನನ್ನ ಹತ್ತಿರ ಬಂದು, “ಅಮ್ಮ, ಅಜ್ಜಿ ಮಧ್ಯಾಹ್ನವೆಲ್ಲ ನೀರೇ ಕುಡಿಯಲ್ಲ. ಕೊಡ ಬಗ್ಗಿಸೋಕೆ ಆಗಲ್ಲ, ನಿನ್ನ ಕರೆಯೋಕೆ ಸಂಕೋಚವಂತೆ” ಎಂದಳು.

ನನ್ನ ಎದೆ ಧಸಕ್ಕೆಂದಿತು. ಹೊತ್ತು ಹೊತ್ತಿಗೆ ಊಟ, ಮಾತ್ರೆ ಎಲ್ಲ ಕೊಡುತ್ತಿದ್ದೆ. ಆದರೆ ಬಾಯಾರಿಕೆ ಹೇಳಿ ಬರುತ್ತದೆಯೇ? ನಮ್ಮವರು, “ನಲ್ಲಿ ಇರೋ ಸ್ಟೀಲ್ ಡ್ರಮ್ಮು ತರೋಣ” ಎಂದರು. ನಲ್ಲಿ ತಿರುವಲು ಅತ್ತೆಯ ಬೆರಳಿಗೆ ಬಲವಿಲ್ಲ. ತಾಮ್ರದ ಕೊಡದ ನೀರಲ್ಲದೆ ಅವರಿಗೆ ಸೇರುವುದೂ ಇಲ್ಲ.

ಪುಟ್ಟಿ ಮೊದಲು ಹಲಗೆಯ ಕೆಳಗೆ ರೂಲು ದೊಣ್ಣೆ ಇಟ್ಟು, ಏತದ ಹಾಗೆ ಮಾಡಿ ಕೊಡ ಕೂರಿಸಿದಳು. ಅಜ್ಜಿ ಮುಟ್ಟಿದ್ದೇ ತಡ, ಕೊಡ ಧಡಾರನೆ ಉರುಳಿ ಮನೆಯೆಲ್ಲ ನೀರು! ಅತ್ತೆ ಕಣ್ಣೀರು ಹಾಕಿ, “ನನ್ನ ಸಲುವಾಗಿ ಇದೆಲ್ಲ ಬ್ಯಾಡವ್ವಾ” ಎಂದರು. ಹುಡುಗಿ ಅನ್ನ ಬಿಟ್ಟು ಮುಸುಕು ಹಾಕಿಕೊಂಡಿತು.

ರಾತ್ರಿ ತಟ್ಟನೆ ಎದ್ದು, “ಅಮ್ಮ, ಹಂಪಿ ತಕ್ಕಡಿ ಮೇಲಿನಿಂದ ತೂಗುತ್ತೆ! ನಾನು ಆಧಾರ ಕೆಳಗೆ ಕೊಟ್ಟೆ” ಎಂದಳು. ಭಾರ ಆಧಾರದ ಮೇಲಿದ್ದರೆ ಉರುಳುತ್ತದೆ, ಕೆಳಗಿದ್ದರೆ ತೊಟ್ಟಿಲ ಹಾಗೆ ತಾನೇ ಹಿಂದಕ್ಕೆ ಬರುತ್ತದೆ.

ಅಟ್ಟದ ಮೇಲಿದ್ದ ಅವಳದೇ ತೊಟ್ಟಿಲ ಸ್ಟ್ಯಾಂಡು ಕೆಳಗಿಳಿಯಿತು. ಹಣ್ಣಿನ ಮರದ ಪೆಟ್ಟಿಗೆಯಲ್ಲಿ ಕೊಡ ಕೂರಿಸಿ ಹಗ್ಗದಿಂದ ಬಿಗಿದೆವು. ಕೊಡದ ಹೊಟ್ಟೆಗಿಂತ ನಾಲ್ಕು ಬೆರಳು ಮೇಲೆ, ಪೆಟ್ಟಿಗೆಯ ಎರಡು ಪಕ್ಕಕ್ಕೂ ಬಡಿಗೇರರು ಗೂಟ ಕೂರಿಸಿಕೊಟ್ಟರು. ಗೂಟ ತೀರ ಮೇಲಾದರೆ ಬಗ್ಗಿಸುವುದು ಕಷ್ಟ. ಅದನ್ನು ಮೂರು ಸಲ ಬದಲಾಯಿಸಿ ಗೊತ್ತುಮಾಡಿಕೊಂಡೆವು. ಪಕ್ಕಕ್ಕೆ ಮೊಳದುದ್ದದ ಹಿಡಿ. ಶಾಲೆಯ ಸ್ಪ್ರಿಂಗ್ ತ್ರಾಸಿನಲ್ಲಿ ಅಳೆದರೆ ನೀರು ತುಂಬಿದ ಕೊಡ 8 ಕಿಲೋ. ಹಿಡಿ ಎಳೆಯಲು ಬೇಕಾದದ್ದು ಒಂದು ಕಿಲೋದಷ್ಟು ಬಲ.

ಅಕ್ಕಂದಿರೇ, ಹಂಪಿಗೆ ಹೋಗುವುದಾದರೆ ಬಿಸಿಲು ಕಡಿಮೆಯಿರುವ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ನೀರು, ಬುತ್ತಿ, ತಲೆಗೊಂದು ಬಟ್ಟೆ ಮರೆಯಬೇಡಿ. ಮಕ್ಕಳ ಕೈಗೆ ಒಂದು ನೋಟುಬುಕ್ಕು ಕೊಟ್ಟು ಆ ಆರು ಹೆಸರು ಬರೆಸಿ. ಮನೆಗೆ ಬಂದಮೇಲೆ ಹಳೆಯ ಹಲಗೆ, ದಾರದ ಉರುಳೆ, ಪೆಟ್ಟಿಗೆ ಕೊಟ್ಟು, “ಈ ಮನೆಯಲ್ಲಿ ಯಾರಿಗೆ ಏನು ಕಷ್ಟ ನೋಡು” ಎಂದು ಹೇಳಿ. ಮೊದಲ ಸಲ ನೀರು ಚೆಲ್ಲಿದರೆ ಬಯ್ಯಬೇಡಿ.

ಮೊನ್ನೆ ಮಧ್ಯಾಹ್ನ ಬಟ್ಟೆ ಒಣಹಾಕಿ ಸುಸ್ತಾಗಿ ಒಳಗೆ ಬಂದೆ. ಅತ್ತೆ ಎಡಗೈಯಲ್ಲಿ ಹಿಡಿ ಎಳೆದು ಲೋಟ ತುಂಬಿಸಿದರು. ಕುಡಿಯುತ್ತಾರೆಂದುಕೊಂಡೆ. “ತಗೋ, ಬಿಸಿಲಾಗೆ ಬಂದೀ, ಮೊದಲು ನೀ ಕುಡಿ” ಎಂದು ಲೋಟವನ್ನು ನನ್ನ ಕಡೆಗೆ ಸರಿಸಿದರು.