ಸೀತಾಳೆಗೆ ಬಾರದ ಕೊಳೆ

ಹೊರನಾಡು, ಕಳಸದ ಕಡೆ ಪುನರ್ವಸು ಮಳೆ ಹಿಡಿಯಿತೆಂದರೆ ನೆಂಟರು ಫೋನಿನಲ್ಲಿ ಆರೋಗ್ಯ ವಿಚಾರಿಸುವುದಿಲ್ಲ, ‘ಔಷಧಿ ಹೊಡೆದಾಯ್ತಾ?’ ಎನ್ನುತ್ತಾರೆ. ಔಷಧಿ ಬೋರ್ಡೋ, ರೋಗಿ ಅಡಿಕೆ. ಈಚೆಗೆ ಜಗಲಿಯ ಆರ್ಕಿಡ್ಡುಗಳೂ ರೋಗಿಗಳ ಪಟ್ಟಿಗೆ ಸೇರಿವೆ. ನರ್ಸರಿಯಿಂದ ಹೂ ಹೊತ್ತು ಬಂದ ಫೆಲನಾಪ್ಸಿಸ್ ಆಷಾಢದಲ್ಲಿ ಸುಳಿ ಕಪ್ಪಾಗಿ, ಎಲೆ ಮುಟ್ಟಿದರೆ ಕೈಗೇ ಬರುತ್ತದೆ. ನಮ್ಮ ಅತ್ತಿಗೆಗೆ ಸಿಟ್ಟು ಮಾತ್ರ ಅಂಗಳದ ಹಲಸಿನ ಮೇಲಿರುವ ಕಾಡು ಆರ್ಕಿಡ್ ಸೀತಾಳೆ ದಂಡೆಯ ಮೇಲೆ. ‘ಅದಕ್ಕೆ ಗೊಬ್ಬರ ಹಾಕಿದವರುಂಟಾ, ಮರೆ ಕಟ್ಟಿದವರುಂಟಾ? ಮಳೆಗಾಲವಿಡೀ ನೆನೆದರೂ ಏನೂ ಆಗುವುದಿಲ್ಲ ನೋಡಿ!’

ಉಪಚಾರವಿಲ್ಲದ್ದೇ ಅದರ ಭಾಗ್ಯ ಎಂದರೆ ಅವರಿಗೆ ರುಚಿಸುವುದಿಲ್ಲ. ಸೀತಾಳೆ ಕಾಂಡಕ್ಕೆ ಓರೆಯಾಗಿ ಅಂಟಿಕೊಳ್ಳುವುದರಿಂದ ಬಿದ್ದ ನೀರು ಜಾರಿಹೋಗುತ್ತದೆ. ಬೇರು ಗಾಳಿಯಲ್ಲೇ ಇದೆ. ಮೇಲಿನ ಬಿಳಿ ಪೊರೆ ನೀರು ಹೀರಿ, ಮಳೆ ಹೊಳವಾದೊಡನೆ ಒಣಗುತ್ತದೆ. ಫೆಲನಾಪ್ಸಿಸ್ಸೂ ತನ್ನ ಕಾಡಿನಲ್ಲಿ ಹೀಗೇ ಎಲೆ ಇಳಿಬಿಟ್ಟು ಜೋತಾಡುವ ಗಿಡ. ನಾವು ಅದನ್ನು ಕುಂಡದಲ್ಲಿ ನೆಟ್ಟಗೆ ನಿಲ್ಲಿಸುತ್ತೇವೆ. ಸುಳಿ ಬಟ್ಟಲಾಗಿ ಸೂರಿನ ಹನಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ತೆಂಗಿನ ಸಿಪ್ಪೆ ಆರುವುದೇ ಇಲ್ಲ. ಕಪ್ಪು ಕೊಳೆ ತರುವ ಫೈಟಾಫ್ತೊರದ ಬೀಜಾಣುಗಳಿಗೆ ಬಾಲವುಂಟು, ತೆಳು ನೀರಿನಲ್ಲೂ ಈಜಿಕೊಂಡು ಬರುತ್ತವೆ. ನಾವೆಲ್ಲ ಇದನ್ನು ಶಿಲೀಂಧ್ರ ಎನ್ನುತ್ತೇವೆ. ವಿಜ್ಞಾನಿಗಳ ಪ್ರಕಾರ ಕಡಲಿನ ಕಂದು ಪಾಚಿಗೆ ಹತ್ತಿರದ ಸಂಬಂಧಿ. ಗಿಡ ಹೋದವರಿಗೆ ಇದರಿಂದೇನು ಸಮಾಧಾನ!

ಅಡಿಕೆಯ ಕೊಳೆರೋಗವೂ ಇದೇ ಕುಲದ್ದು. ಹಿಂದೆ ಕೊನೆಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ ಬೋರ್ಡೋ ಸಿಂಪಡಿಸುವುದನ್ನು ಕಲಿಸಿದರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅವರಿಂದಲೇ. ಫ್ರಾನ್ಸಿನ ದ್ರಾಕ್ಷಿಗೆಂದು ಹುಟ್ಟಿದ ಮದ್ದು ನಮ್ಮ ತೋಟದ ನೀಲಿ ಡ್ರಮ್ಮಿಗೆ ಬಂದದ್ದು ಹೀಗೆ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು.

ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಆರ್ಕಿಡ್ಡಿಗೆ ಚಿಮುಕಿಸೋಣವೆಂದು ಎಲ್ಲರಿಗೂ ಅನ್ನಿಸುತ್ತದೆ. ಬೇಡ. ಬೋರ್ಡೋ ಕಲಸಿದ ದಿನವೇ ಮುಗಿಯಬೇಕು. ಮೇಲಾಗಿ ಡೆಂಡ್ರೋಬಿಯಂನಂಥ ಆರ್ಕಿಡ್ಡಿಗೆ ಮೈಲುತುತ್ತಿನ ತಾಮ್ರ ಆಗಿಬರುವುದಿಲ್ಲ. ಅದರ ಬದಲು ಬ್ಲೇಡನ್ನು ಬೆಂಕಿಗೆ ಹಿಡಿದು, ಕೊಳೆತದ್ದಷ್ಟೇ ಅಲ್ಲ, ಅದರಾಚೆಯ ಹಸಿರನ್ನೂ ಒಂದಿಷ್ಟು ಕೊಯ್ದು, ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ, ನೀರು ನಿಲ್ಲಿಸಿ. ಗೆಡ್ಡೆ ಕೊಯ್ದಾಗ ನೇರಳೆ ಉಂಗುರ ಕಂಡರೆ ಫ್ಯುಸೇರಿಯಂ ಶಿಲೀಂಧ್ರವಿರಬೇಕು. ಆ ಗಿಡದ ಆಸೆ ಬಿಡುವುದೇ ಲೇಸು.

ತಮಾಷೆಯೆಂದರೆ, ಆರ್ಕಿಡ್ ಬೀಜದಲ್ಲಿ ಬುತ್ತಿಯೇ ಇಲ್ಲ. ಕಾಡಿನಲ್ಲಿ ಶಿಲೀಂಧ್ರ ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆಂದು ಫ್ರಾನ್ಸಿನ ನೊಯೆಲ್ ಬರ್ನಾರ್ 1899ರಲ್ಲೇ ಕಂಡುಕೊಂಡ. ‘ಹಾಗಾದರೆ ಸಾಕಿದ್ದೂ ಅದೇ, ತಿಂದದ್ದೂ ಅದೇ!’ ಎಂದರು ಅತ್ತಿಗೆ. ಸಾಕುವ ಜಾತಿ ಬೇರೆ, ತಿನ್ನುವ ಜಾತಿ ಬೇರೆ ಎನ್ನುವಷ್ಟರಲ್ಲಿ ಅವರು ಉಳಿದ ಗಿಡವನ್ನು ಅಡಿಕೆ ದಬ್ಬೆಗೆ ಓರೆಯಾಗಿ ಕಟ್ಟಿ ಸೂರಿನಿಂದ ದೂರ ತೂಗುಹಾಕಿಯಾಗಿತ್ತು. ಸುಳಿ ಈಗ ಒಣಗಿದೆ. ವಿಳಾಸ ಮಾತ್ರ ಬಸವನಹುಳುಗಳಿಗೆ ಗೊತ್ತಾಗಿದೆ.